ಸತ್ತವರ ಹೆಸರಿನ ಋಣ

(ನಂದವರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಎಪ್ಪತ್ತು ವರ್ಷ ಕಳೆದ ಮೇಲೂ ತುಂಗಭದ್ರೆಯ ಈ ದಡದಲ್ಲಿ ಒಂದು ಕನ್ನಡ ದತ್ತಿ ನಡೆಯುತ್ತಿದೆ ಎಂದರೆ ಅದಕ್ಕೆ ನಿಮ್ಮ ಹಟವೇ ಕಾರಣ. ತೀರಿಕೊಂಡ ಹಿರಿಯರೊಬ್ಬರ ಹೆಸರು ಊರಿನ ಬಾಯಲ್ಲಿ ಉಳಿಯಲಿ ಎಂದು ಮನೆಯವರು ಹಣ ಕೂಡಿಟ್ಟು ದತ್ತಿ ಸ್ಥಾಪಿಸುತ್ತಾರೆ. ಸತ್ತವರ ಹೆಸರನ್ನು ಗೌರವದಿಂದ ಉಳಿಸುವುದು ಬದುಕಿರುವವರ ಕರ್ತವ್ಯ ಎಂಬ ನಂಬಿಕೆ ಇದರ ಹಿಂದಿದೆ. ನನ್ನ ಇಂದಿನ ವಿಷಯವೂ ಅದೇ ನಂಬಿಕೆಯಿಂದ ಹುಟ್ಟಿದ್ದು. ಒಂದು ರಾಜಕೀಯ ಗುರಿಗಾಗಿ ಬಂದೂಕು ಹಿಡಿದ ಸಂಘಟನೆಗಳು ಮನುಷ್ಯರನ್ನು ಕೊಂದ ಮೇಲೆ ಸಾರ್ವಜನಿಕವಾಗಿ ಏನು ಹೇಳುತ್ತವೆ? ಹಾಗೆ ಹೇಳಿದ ಮಾತಿನಿಂದ ಸತ್ತವರ ಮನೆಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಇದನ್ನು ನಮ್ಮ ಗಡಿನಾಡಿನ ಅನುಭವದಿಂದ ನೋಡೋಣ. ಈ ಪ್ರಶ್ನೆಯ ಜೊತೆ ಐವತ್ತು ವರ್ಷ ಹೆಣಗಾಡಿದ ಐರ್ಲೆಂಡನ್ನು ಪಕ್ಕದಲ್ಲಿಟ್ಟುಕೊಳ್ಳೋಣ.

1. ನಮ್ಮ ಸುತ್ತಲಿನ ಸಾವುಗಳು

ರಾಯಲಸೀಮೆಯವರಿಗೆ ಊರಿನ ಗುಂಪುಗಳ ಹಗೆಯಿಂದ ನಡೆಯುವ ಫ್ಯಾಕ್ಷನ್ ಕೊಲೆಗಳ ಬಗ್ಗೆ ನಾನು ಹೇಳಬೇಕಾದ್ದಿಲ್ಲ. 2008ರ ಮೇ ತಿಂಗಳಲ್ಲಿ ಇದೇ ಕರ್ನೂಲು ಜಿಲ್ಲೆಯ ಕಪ್ಪಟ್ರಾಳ್ಳದ ವೆಂಕಟಪ್ಪ ನಾಯುಡು ಮತ್ತು ಅವರ ಜೊತೆಗಿದ್ದವರನ್ನು ದಾರಿಯಲ್ಲಿ ಅಡ್ಡಗಟ್ಟಿ ಕೊಂದರು. 2014ರ ಡಿಸೆಂಬರ್‌ನಲ್ಲಿ ಆದೋನಿಯ ನ್ಯಾಯಾಲಯ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಫ್ಯಾಕ್ಷನ್ ಕೊಲೆಯಲ್ಲಿ ಯಾರೂ ಮುಂದೆ ಬಂದು ನಾವೇ ಮಾಡಿದೆವು ಎನ್ನುವುದಿಲ್ಲ. ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಸಾಕ್ಷಿ ಹೇಳುವವರಿರುವುದಿಲ್ಲ. ಅಲ್ಲಿ ಸತ್ಯ ಹೊರಬರುವುದಾದರೆ ಅದು ನ್ಯಾಯಾಲಯದಲ್ಲೇ.

ರಾಜಕೀಯ ಸಂಘಟನೆಯ ಕೊಲೆ ಹಾಗಲ್ಲ. ಅದು ಸಾರಿ ಹೇಳುವುದಕ್ಕಾಗಿಯೇ ನಡೆಯುತ್ತದೆ. ಕೊಂದ ಜಾಗದಲ್ಲಿ ಕರಪತ್ರ ಬೀಳುತ್ತದೆ, ಪತ್ರಿಕಾಲಯಕ್ಕೆ ಹೇಳಿಕೆ ಹೋಗುತ್ತದೆ. ಈ ಕರಪತ್ರಗಳ ಕಾಲವನ್ನು ನಮ್ಮ ಗಡಿ ಚೆನ್ನಾಗಿ ಕಂಡಿದೆ.

2005ನೇ ಇಸವಿಯನ್ನೇ ತೆಗೆದುಕೊಳ್ಳಿ. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರಕ್ಕೂ ನಕ್ಸಲೀಯರಿಗೂ ಮಾತುಕತೆ ನಡೆದಿತ್ತು. ಜನವರಿಯ ಹೊತ್ತಿಗೆ ಅದು ಮುರಿದುಬಿತ್ತು. ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ವಾರ ಕಳೆಯುವುದರೊಳಗೆ, ಆಂಧ್ರದ ಗಡಿಗೆ ಅಂಟಿಕೊಂಡಿರುವ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯೊಂದರಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ರಾತ್ರಿ ದಾಳಿಯಾಯಿತು. ಪೊಲೀಸರ ಜೊತೆ ಒಬ್ಬ ಬಸ್ ಕ್ಲೀನರ್ ಕೂಡ ಸತ್ತ. ಸಾಕೇತ್ ಸಾವಿಗೆ ಇದು ಪ್ರತೀಕಾರ ಎಂದು ಸಾರಲಾಯಿತು. ಆಗಸ್ಟ್ 15ರಂದು, ಇನ್ನೂ ಕನ್ನಡ ಮಾತು ಕೇಳುವ ನಾರಾಯಣಪೇಟೆಯಲ್ಲಿ ಮಕ್ತಲ್ ಕ್ಷೇತ್ರದ ಶಾಸಕ ಚಿಟ್ಟೆಂ ನರ್ಸಿರೆಡ್ಡಿ, ಅವರ ಮಗ ಮತ್ತು ಜೊತೆಗಿದ್ದ ಹಲವರನ್ನು ಗುಂಡಿಕ್ಕಿ ಕೊಂದರು. ಎರಡು ದಿನಗಳಲ್ಲಿ ಆಂಧ್ರ ಸರ್ಕಾರ ಮಾವೋವಾದಿ ಪಕ್ಷವನ್ನು ಮತ್ತೆ ನಿಷೇಧಿಸಿತು.

ಅದೇ ವರ್ಷ ಮಲೆನಾಡಿನ ಮೆಣಸಿನಹಾಡ್ಯದಲ್ಲಿ ನಕ್ಸಲೀಯರು ಒಬ್ಬ ಗಿರಿಜನನನ್ನು ಪೊಲೀಸ್ ಇನ್‌ಫಾರ್ಮರ್ ಎಂದು ಆರೋಪಿಸಿ ಕೊಂದರು. 2007ರಲ್ಲಿ ಶೃಂಗೇರಿ ತಾಲೂಕಿನ ಗಂಡಘಟ್ಟದಲ್ಲಿ ಇನ್ನೊಬ್ಬರ ಸಾವಾಯಿತು. 2008ರ ಮೇ ತಿಂಗಳಲ್ಲಿ ಹೆಬ್ರಿ ಬಳಿಯ ಸೀತಾನದಿಯಲ್ಲಿ ಒಬ್ಬ ಶಾಲಾ ಮಾಸ್ತರರನ್ನೂ ಅವರ ಸಂಬಂಧಿಯನ್ನೂ ಕೊಂದರು. 2011ರ ಡಿಸೆಂಬರ್‌ನಲ್ಲಿ ಕಬ್ಬಿನಾಲೆಯ ಕಾಡಿನಲ್ಲಿ ಮತ್ತೊಬ್ಬ ಬಡವನ ಹೆಣ ಸಿಕ್ಕಿತು. ಆತನ ಮೇಲೂ ಅದೇ ಇನ್‌ಫಾರ್ಮರ್ ಆರೋಪ. ಇವರ ಹೆಸರುಗಳನ್ನು ನಾನು ಇಲ್ಲಿ ಹೇಳುತ್ತಿಲ್ಲ. ಅವರ ಮನೆಯವರ ಒಪ್ಪಿಗೆ ಪಡೆದು ಹೇಳಬೇಕಾದ ಹೆಸರುಗಳವು.

ಹೀಗೆ ಸತ್ತವರಲ್ಲಿ ಅನೇಕರು ಭೂಮಾಲೀಕರಲ್ಲ, ಗುತ್ತಿಗೆದಾರರಲ್ಲ. ಯಾರ ಪರವಾಗಿ ಹೋರಾಡುತ್ತೇವೆ ಎಂದು ಸಂಘಟನೆ ಹೇಳಿಕೊಂಡಿತೋ ಅದೇ ಜನ. ಕಾಡಿನಂಚಿನ ಮನೆಗೆ ರಾತ್ರಿ ನಕ್ಸಲ್ ದಳ ಬಂದು ಅನ್ನ ಕೇಳುತ್ತದೆ. ಬೆಳಗ್ಗೆ ಪೊಲೀಸರು ಬಂದು ಅನ್ನ ಯಾಕೆ ಹಾಕಿದೆ ಎಂದು ಕೇಳುತ್ತಾರೆ. ಇಬ್ಬರಿಗೂ ಉತ್ತರ ಕೊಟ್ಟವನು ಇಬ್ಬರ ಅನುಮಾನಕ್ಕೂ ಗುರಿಯಾಗುತ್ತಾನೆ.

2. ಐರ್ಲೆಂಡಿನ ಪಾಠ

1921ರಲ್ಲಿ ಐರ್ಲೆಂಡ್ ಎರಡು ಭಾಗವಾಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದವು. ಅಲ್ಲಿನ ಕ್ಯಾಥೋಲಿಕ್ ಅಲ್ಪಸಂಖ್ಯಾತರು ಮನೆ, ಉದ್ಯೋಗ, ಮತದಾನದಲ್ಲಿ ಅನ್ಯಾಯ ಉಂಡರು. 1960ರ ದಶಕದ ಕೊನೆಯಲ್ಲಿ ಹೊತ್ತಿದ ಸಂಘರ್ಷ 1998ರ ಏಪ್ರಿಲ್ 10ರ ಒಪ್ಪಂದದವರೆಗೂ ಉರಿಯಿತು. 3,500ಕ್ಕೂ ಹೆಚ್ಚು ಜನ ಸತ್ತರು. ಬ್ರಿಟಿಷ್ ಸೇನೆ ಕೊಂದಿತು, ಪ್ರಾಟೆಸ್ಟೆಂಟ್ ಪರ ಸಶಸ್ತ್ರ ಗುಂಪುಗಳು ಕೊಂದವು. ಆದರೆ ಅರ್ಧಕ್ಕಿಂತ ಹೆಚ್ಚು ಸಾವುಗಳಿಗೆ ಐಕ್ಯ ಐರ್ಲೆಂಡಿಗಾಗಿ ಹೋರಾಡುತ್ತೇವೆ ಎಂದ ರಿಪಬ್ಲಿಕನ್ ಸಂಘಟನೆಗಳು, ಅವುಗಳಲ್ಲೂ ಮುಖ್ಯವಾಗಿ ಐರಿಶ್ ರಿಪಬ್ಲಿಕನ್ ಆರ್ಮಿ (ಐಆರ್‌ಎ), ಕಾರಣ.

ಈ ಸಂಘಟನೆಯ ಹೇಳಿಕೆಗಳೆಲ್ಲ ಪಿ. ಓನೀಲ್ ಎಂಬ ಒಂದೇ ಸಹಿಯಲ್ಲಿ ಹೊರಬರುತ್ತಿದ್ದವು. ಅದು ಒಬ್ಬ ವ್ಯಕ್ತಿಯ ಹೆಸರಲ್ಲ, ಸಂಘಟನೆಯ ಮುಖವಾಡ. ಆ ಹೇಳಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಕೊಂದವರ ಮಾತಿನ ಹಲವು ಬಗೆಗಳು ಕಾಣುತ್ತವೆ.

ಮೊದಲನೆಯದು ಹೆಮ್ಮೆಯ ಮಾತು. 1979ರ ಆಗಸ್ಟ್ 27ರಂದು ಭಾರತದ ಕೊನೆಯ ವೈಸರಾಯ್ ಆಗಿದ್ದ ಮೌಂಟ್‌ಬ್ಯಾಟನ್ ಅವರ ದೋಣಿಯನ್ನು ಐರ್ಲೆಂಡಿನ ಮಲ್ಲಾಮೋರ್ ಕಡಲಲ್ಲಿ ಬಾಂಬಿಟ್ಟು ಸಿಡಿಸಿದರು. ಭಾರತದಲ್ಲೂ ಒಂದು ವಾರ ಶೋಕಾಚರಣೆ ನಡೆಯಿತು. ಐಆರ್‌ಎ ತಡಮಾಡದೆ ಹೊಣೆ ಹೊತ್ತು, ಅದನ್ನು ಮರಣದಂಡನೆ ಎಂದು ಕರೆಯಿತು. ಆ ದೋಣಿಯಲ್ಲಿ 14 ವರ್ಷದ ಮೊಮ್ಮಗನೂ ದೋಣಿ ನೋಡಿಕೊಳ್ಳುತ್ತಿದ್ದ 15 ವರ್ಷದ ಹುಡುಗನೂ ಸತ್ತಿದ್ದರು. 83 ವರ್ಷದ ವೃದ್ಧೆ ಮರುದಿನ ತೀರಿಕೊಂಡರು. ಹೇಳಿಕೆಯ ತೂಕವೆಲ್ಲ ಒಂದು ದೊಡ್ಡ ಹೆಸರಿನ ಮೇಲಿತ್ತು. ಆ ಇಬ್ಬರು ಹುಡುಗರಿಗೆ ಯಾವ ಅಪರಾಧಕ್ಕಾಗಿ ಮರಣದಂಡನೆ?

ಎರಡನೆಯದು ಸಮಜಾಯಿಷಿ. 1987ರ ನವೆಂಬರ್ 8ರಂದು ಎನಿಸ್‌ಕಿಲ್ಲನ್ ಪಟ್ಟಣದಲ್ಲಿ ಯುದ್ಧದಲ್ಲಿ ಮಡಿದವರ ಸ್ಮಾರಕದ ಬಳಿ ಸೇರಿದ್ದವರ ಮೇಲೆ ಬಾಂಬ್ ಸಿಡಿದು 11 ಮಂದಿ ಸತ್ತರು. ಹನ್ನೆರಡನೆಯವರು ಹದಿಮೂರು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು ಕೊನೆಗೆ ತೀರಿಕೊಂಡರು. ಐಆರ್‌ಎ ಮರುದಿನ ವಿಷಾದ ಸೂಚಿಸಿತು. ಜೊತೆಗೆ, ಬಾಂಬಿನ ಗುರಿ ಸೈನಿಕರಾಗಿದ್ದರು, ಸೇನೆಯ ರೇಡಿಯೊ ಅಲೆಗಳಿಂದ ಅದು ಸಿಡಿದಿರಬಹುದು ಎಂದೂ ಸೇರಿಸಿತು. ಅಲ್ಲಿ ಮಗಳನ್ನು ಕಳೆದುಕೊಂಡ ಗಾರ್ಡನ್ ವಿಲ್ಸನ್, ನನ್ನಲ್ಲಿ ಹಗೆಯಿಲ್ಲ ಎಂದು ಹೇಳಿ ಜಗತ್ತನ್ನೇ ಬೆರಗುಗೊಳಿಸಿದರು. ಅದೇ ಮನುಷ್ಯ 1993ರಲ್ಲಿ ಐಆರ್‌ಎ ಪ್ರತಿನಿಧಿಗಳನ್ನು ಎದುರಿಗೆ ಕೂರಿಸಿಕೊಂಡು, ಈ ಕೊಲೆಗಳನ್ನು ನಿಲ್ಲಿಸಿ ಎಂದು ಬೇಡಿದರು. ಬರಿಗೈಯಲ್ಲಿ ವಾಪಸಾದರು.

ಮೂರನೆಯದು ಮೌನ ಮತ್ತು ಸುಳ್ಳು ಹೆಸರು. 1972ರ ಜುಲೈ 31ರಂದು ಕ್ಲಾಡಿ ಎಂಬ ಹಳ್ಳಿಯಲ್ಲಿ ಮೂರು ಕಾರ್ ಬಾಂಬ್‌ಗಳು ಸಿಡಿದು ಒಂಬತ್ತು ಮಂದಿ ಸತ್ತರು. ಅವರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಐಆರ್‌ಎ ಅದರ ಹೊಣೆ ಹೊರಲೇ ಇಲ್ಲ. 1976ರ ಜನವರಿ 5ರಂದು ಕಿಂಗ್ಸ್‌ಮಿಲ್‌ನಲ್ಲಿ ಗಿರಣಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಕಾರ್ಮಿಕರ ವ್ಯಾನ್ ನಿಲ್ಲಿಸಿ, ಅವರ ನಡುವಿದ್ದ ಒಬ್ಬನೇ ಕ್ಯಾಥೋಲಿಕನನ್ನು ದೂರ ಕಳಿಸಿ, ಉಳಿದ ಹನ್ನೊಂದು ಮಂದಿಯ ಮೇಲೆ ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಇನ್ನೊಂದು ಸಂಘಟನೆಯ ಹೆಸರಿನಲ್ಲಿ ಹೊಣೆ ಹೊತ್ತದ್ದಾಯಿತು. ಅದು ಐಆರ್‌ಎ ಕೃತ್ಯವೇ ಎಂದು 2011ರಲ್ಲಿ ಪೊಲೀಸ್ ಮರುತನಿಖಾ ತಂಡವೂ 2024ರಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿಯೂ ಹೇಳಬೇಕಾಯಿತು. ಆ ಒಂದು ಮಾತು ಸಾವಿನ ವಿಚಾರಣೆಯಲ್ಲಿ ದಾಖಲಾಗಲು 48 ವರ್ಷ ಬೇಕಾಯಿತು.

3. ಇನ್‌ಫಾರ್ಮರ್ ಎಂಬ ಹಣೆಪಟ್ಟಿ

ಎಲ್ಲಕ್ಕಿಂತ ಕ್ರೂರವಾದ ಬಗೆ ನಾಲ್ಕನೆಯದು. ಕೊಂದು, ಹೆಣವನ್ನೂ ಬಚ್ಚಿಟ್ಟು, ಸತ್ತವರ ಹೆಸರನ್ನೂ ಕೆಡಿಸುವುದು.

1972ರ ಡಿಸೆಂಬರ್‌ನಲ್ಲಿ ಬೆಲ್‌ಫಾಸ್ಟ್ ನಗರದ ಬಡ ಬಡಾವಣೆಯೊಂದರಿಂದ ಜೀನ್ ಮೆಕಾನ್‌ವಿಲ್ ಎಂಬ ವಿಧವೆಯನ್ನು ಎಳೆದೊಯ್ದರು. ಆಕೆಗೆ ಹತ್ತು ಮಕ್ಕಳು. ಆ ಮಕ್ಕಳು ಅನಾಥಾಲಯಗಳಿಗೆ ಚದುರಿಹೋದರು. ತಾಯಿ ಮಕ್ಕಳನ್ನು ಬಿಟ್ಟು ಓಡಿಹೋಗಿದ್ದಾಳೆ ಎಂಬ ಮಾತನ್ನೂ ಹಬ್ಬಿಸಿದರು. 1999ರ ಮಾರ್ಚ್‌ನಲ್ಲಿ ಐಆರ್‌ಎ, ಒಂಬತ್ತು ಮಂದಿಯನ್ನು ಕೊಂದು ಗುಟ್ಟಾಗಿ ಹೂತಿದ್ದೇವೆ ಎಂದು ಒಪ್ಪಿಕೊಂಡಿತು. ಅದರಲ್ಲಿ ಈ ತಾಯಿಯೂ ಸೇರಿದ್ದಳು. 2003ರ ಆಗಸ್ಟ್‌ನಲ್ಲಿ ಕಡಲತೀರವೊಂದರಲ್ಲಿ ಆಕೆಯ ಅಸ್ಥಿ ಸಿಕ್ಕಿತು. ಆಕೆ ಬ್ರಿಟಿಷರಿಗೆ ಸುದ್ದಿ ಕೊಡುತ್ತಿದ್ದಳು ಎಂಬುದು ಕೊಂದವರ ಆರೋಪ. 2006ರಲ್ಲಿ ಪೊಲೀಸ್ ಓಂಬುಡ್ಸ್‌ಮನ್ ನ್ಯೂಲಾ ಓಲೋನ್ ದಾಖಲೆಗಳನ್ನೆಲ್ಲ ತಡಕಿ, ಆಕೆ ಇನ್‌ಫಾರ್ಮರ್ ಆಗಿದ್ದಳೆಂಬುದಕ್ಕೆ ಯಾವ ಪುರಾವೆಯೂ ಇಲ್ಲ, ಆಕೆ ನಿರಪರಾಧಿ ಎಂದು ಸಾರಿದರು. ಅಷ್ಟಾದರೂ ಐಆರ್‌ಎ ತನ್ನದೇ ತನಿಖೆಯ ಹೆಸರು ಹೇಳಿ ಆರೋಪಕ್ಕೆ ಅಂಟಿಕೊಂಡಿತು.

ಇದನ್ನು ಓದುವಾಗ ಮೆಣಸಿನಹಾಡ್ಯ, ಕಬ್ಬಿನಾಲೆಗಳು ನೆನಪಾಗದೆ ಇರುವುದು ಹೇಗೆ? ಕಾಡಿನ ಮನೆಯ ಬಡವನನ್ನು ಇನ್‌ಫಾರ್ಮರ್ ಎಂದು ಕೊಂದ ಮೇಲೆ ಅವನ ಹೆಂಡತಿ ಮಕ್ಕಳು ಅದೇ ಊರಿನಲ್ಲಿ ಬದುಕಬೇಕು. ಸಂತೆಗೆ ಹೋಗಬೇಕು, ಮದುವೆಗೆ ಹೋಗಬೇಕು, ಶಾಲೆಗೆ ಹೋಗಬೇಕು. ಆರೋಪಕ್ಕೆ ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಸಂಘಟನೆ ತನ್ನ ತೀರ್ಮಾನವನ್ನು ಪ್ರಜಾ ಕೋರ್ಟು ಎಂದು ಕರೆದರೂ ಅಲ್ಲಿ ಆರೋಪಿಯ ಪರ ವಾದಿಸುವ ವಕೀಲನಿಲ್ಲ. ಅವನು ನಿಜವಾಗಿ ಪೊಲೀಸರಿಗೆ ಏನಾದರೂ ಹೇಳಿದ್ದರೂ ಅದಕ್ಕೆ ಸಾವು ಶಿಕ್ಷೆಯಾಗಲಾರದು. ಠಾಣೆಗೆ ಕರೆಸಿ ಕೂರಿಸಿದಾಗ ಬಡವ ಬಾಯಿ ಬಿಡದೆ ಇರಲು ಸಾಧ್ಯವೇ?

ಆದ್ದರಿಂದ ನಾನು ಇಂದು ಒತ್ತಿ ಹೇಳುವ ಮಾತು ಇದು: ಕೊಲೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ತಪ್ಪೊಪ್ಪಿಗೆ ಪೂರ್ಣವಾಗುವುದಿಲ್ಲ. ಸತ್ತವರ ಮೇಲೆ ಹೊರಿಸಿದ ಆರೋಪವನ್ನು ಹಿಂತೆಗೆದುಕೊಳ್ಳುವವರೆಗೆ ಕೊಲೆ ಇನ್ನೂ ಮುಂದುವರಿಯುತ್ತಿದೆ ಎಂದೇ ಅರ್ಥ. ಜೀವವನ್ನು ಮರಳಿ ಕೊಡಲು ಯಾರಿಂದಲೂ ಆಗದು. ಹೆಸರನ್ನು ಮರಳಿ ಕೊಡಲು ಆಗುತ್ತದೆ. ಆಗುವುದನ್ನೂ ಮಾಡದೆ ಇರುವುದು ಎರಡನೆಯ ಅಪರಾಧ.

4. ಪ್ರಭುತ್ವಕ್ಕೂ ಇದೇ ಅಳತೆ

ಈ ಮಾತು ಬಂದೂಕು ಹಿಡಿದ ಸಂಘಟನೆಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಯಾರೂ ತಿಳಿಯಬಾರದು. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ 13 ಮಂದಿಯನ್ನು ಅಂದೇ ಕೊಂದರು. ಗಾಯಗೊಂಡ ಒಬ್ಬರು ಆಮೇಲೆ ಸತ್ತರು. ಅದೇ ವರ್ಷ ಸರ್ಕಾರ ನಡೆಸಿದ ವಿಜರಿ ವಿಚಾರಣೆ ಸೈನ್ಯವನ್ನು ಬಹುಮಟ್ಟಿಗೆ ಕಾಪಾಡಿತು, ಸತ್ತವರಲ್ಲಿ ಕೆಲವರು ಆಯುಧ ಮುಟ್ಟಿರಬಹುದೆಂಬ ಅನುಮಾನ ಬಿತ್ತಿತು. 38 ವರ್ಷಗಳ ನಂತರ, 2010ರ ಜೂನ್ 15ರಂದು, ಎರಡನೆಯ ವಿಚಾರಣೆಯ ಸ್ಯಾವಿಲ್ ವರದಿ ಆ ಅನುಮಾನವನ್ನು ತೊಡೆದುಹಾಕಿತು. ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಡೆರಿಯ ಚೌಕದಲ್ಲಿ ಸೇರಿದ್ದ ಮನೆಯವರು ಅತ್ತದ್ದು ಪರಿಹಾರದ ಹಣಕ್ಕಲ್ಲ. ನಮ್ಮ ಹುಡುಗರು ನಿರಪರಾಧಿಗಳು ಎಂದು ಸರ್ಕಾರವೇ ಹೇಳಿತಲ್ಲ, ಅದಕ್ಕೆ.

ನಮ್ಮಲ್ಲಿ ಎನ್‌ಕೌಂಟರ್ ಎಂಬ ಪತ್ರಿಕಾ ಹೇಳಿಕೆಯೂ ಒಂದು ರೀತಿಯ ಕರಪತ್ರವೇ. ಎಲ್ಲ ಜಿಲ್ಲೆಗಳಲ್ಲೂ ಅದೇ ಕಥೆ, ಅದೇ ಶೈಲಿ. 2014ರ ಏಪ್ರಿಲ್‌ನಲ್ಲಿ ಶೃಂಗೇರಿಯ ತನಿಕೋಡು ಚೆಕ್‌ಪೋಸ್ಟ್ ಬಳಿ ನಕ್ಸಲ್ ನಿಗ್ರಹ ದಳದ ಗುಂಡಿಗೆ ಸತ್ತವನು ನಕ್ಸಲನಲ್ಲ, ದನ ಸಾಗಿಸುತ್ತಿದ್ದ ಗಾಡಿಯಲ್ಲಿದ್ದ ಯುವಕ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಗುಂಡಿಗೆ ಬಲಿಯಾದ ಪ್ರತಿ ಸಾವಿನಲ್ಲೂ ಎಫ್‌ಐಆರ್ ದಾಖಲಾಗಬೇಕು, ಸ್ವತಂತ್ರ ತನಿಖೆ ನಡೆಯಬೇಕು ಎಂದು ನಿರ್ದೇಶಿಸಿತು.

ಎರಡೂ ಕಡೆಗೆ ಒಂದೇ ಅಳತೆ ಹಿಡಿಯಬೇಕು ಎಂದು ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಹೇಳಿದವರು ಕೆ. ಬಾಲಗೋಪಾಲ್. ಅವರು ಹುಟ್ಟಿದ್ದು 1952ರಲ್ಲಿ, ಬಳ್ಳಾರಿಯಲ್ಲಿ. ವಾರಂಗಲ್‌ನ ಕಾಕತೀಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು, ಆಮೇಲೆ ವಕೀಲರಾದರು. ಆಂಧ್ರಪ್ರದೇಶ ಪೌರಹಕ್ಕುಗಳ ಸಂಘದಲ್ಲಿ ವರ್ಷಗಟ್ಟಲೆ ದುಡಿದು, ಒಂದೊಂದು ಎನ್‌ಕೌಂಟರ್ ನಡೆದ ಊರಿಗೂ ಹೋಗಿ ಸತ್ಯ ಕೆದಕಿದರು. ಕ್ರಾಂತಿಕಾರಿಗಳು ಮಾಡಿದ ಕೊಲೆಯ ಬಗ್ಗೆಯೂ ಹಕ್ಕುಗಳ ಸಂಘಟನೆ ಸ್ವತಂತ್ರವಾಗಿ ಮಾತಾಡಬೇಕೇ ಎಂಬ ಪ್ರಶ್ನೆ ಬಂದಾಗ, ಮಾತಾಡಲೇಬೇಕು ಎಂದರು. ಆ ಭಿನ್ನಾಭಿಪ್ರಾಯದಲ್ಲಿ ಸಂಘ ಬಿಟ್ಟು, 1998ರಲ್ಲಿ ಸಮಾನಮನಸ್ಕರ ಜೊತೆ ಮಾನವ ಹಕ್ಕುಗಳ ವೇದಿಕೆ ಕಟ್ಟಿದರು. ಹಳೆಯ ಸ್ನೇಹಿತರ ನಿಷ್ಠುರವನ್ನೂ ಸರ್ಕಾರದ ಸಿಟ್ಟನ್ನೂ ಒಟ್ಟಿಗೆ ಎದುರಿಸಿದರು. ಅದೇ ಕಾಲದಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಅವರ ನೇತೃತ್ವದ ಕಾಳಜಿಯ ನಾಗರಿಕರ ಸಮಿತಿ ಸರ್ಕಾರ ಮತ್ತು ನಕ್ಸಲೀಯರು ಇಬ್ಬರ ಹಿಂಸೆಯನ್ನೂ ಪ್ರಶ್ನಿಸಿತು. ಸ್ವತಃ 1987ರಲ್ಲಿ ನಕ್ಸಲೀಯರಿಂದ ಅಪಹರಣಕ್ಕೊಳಗಾಗಿದ್ದ ಶಂಕರನ್ ದ್ವೇಷ ಬೆಳೆಸಲಿಲ್ಲ, ಮಾತುಕತೆಗೆ ದಾರಿ ಮಾಡಿದರು. ಈ ಇಬ್ಬರ ನೈತಿಕ ಎತ್ತರ ನಮ್ಮ ಮಣ್ಣಿನದು. ಅದನ್ನು ನಾವು ಮರೆಯಬಾರದು.

5. ಕ್ಷಮೆಯ ಮಾತು ಮತ್ತು ಅದರ ಗಡಿ

2002ರ ಜುಲೈ 16ರಂದು ಐಆರ್‌ಎ ಒಂದು ಹೇಳಿಕೆ ಪ್ರಕಟಿಸಿತು. ಬೆಲ್‌ಫಾಸ್ಟಿನಲ್ಲಿ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಬಾಂಬ್ ಸಿಡಿಸಿ ಒಂಬತ್ತು ಮಂದಿಯನ್ನು ಕೊಂದ ಘಟನೆಗೆ ಮೂವತ್ತು ವರ್ಷ ತುಂಬುತ್ತಿದ್ದ ಹೊತ್ತು ಅದು. ತಾವು ಕೊಂದ, ಹೋರಾಟಗಾರರಲ್ಲದ ಎಲ್ಲರ ಮನೆಯವರ ಮುಂದೆ ಅದು ಪ್ರಾಮಾಣಿಕ ಕ್ಷಮೆ ಕೋರಿತು. ಇದು ದೊಡ್ಡ ಹೆಜ್ಜೆ. ಆದರೂ ಕ್ಷಮೆಯನ್ನು ಜನಸಾಮಾನ್ಯರಿಗೆ ಮೀಸಲಿಟ್ಟು, ಪೊಲೀಸರು ಮತ್ತು ಸೈನಿಕರ ಮನೆಯವರಿಗೆ ಅವರ ದುಃಖವನ್ನು ಗುರುತಿಸಿದ್ದೇವೆ ಎಂದಷ್ಟೇ ಹೇಳಿತು. ನಮ್ಮಲ್ಲೂ ಇದೇ ವಿಂಗಡಣೆ ಇದೆ. 2013ರ ಮೇ 25ರಂದು ಛತ್ತೀಸ್‌ಗಢದ ದರ್ಭಾ ಕಣಿವೆಯಲ್ಲಿ ಕಾಂಗ್ರೆಸ್ ನಾಯಕರ ವಾಹನಗಳ ಮೇಲೆ ದಾಳಿ ಮಾಡಿದ ಮಾವೋವಾದಿಗಳು ನಾಯಕರ ಸಾವನ್ನು ಸಮರ್ಥಿಸಿಕೊಂಡು, ನಿರಪರಾಧಿಗಳು ಸತ್ತದ್ದಕ್ಕೆ ಮಾತ್ರ ವಿಷಾದಿಸಿದರು. 2018ರಲ್ಲಿ ದಂತೇವಾಡದಲ್ಲಿ ದೂರದರ್ಶನದ ಕ್ಯಾಮೆರಾಮನ್ ಸತ್ತಾಗ, ಪತ್ರಕರ್ತರನ್ನು ಕೊಲ್ಲುವ ಉದ್ದೇಶ ನಮಗಿರಲಿಲ್ಲ ಎಂದು ಪತ್ರ ಬರೆದರು. ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿದ್ದ ಪೇದೆಯೂ ರೈತನ ಮಗನೇ. ಸಂಬಳಕ್ಕಾಗಿ ಸಮವಸ್ತ್ರ ತೊಟ್ಟವನ ತಾಯಿಯ ದುಃಖಕ್ಕೆ ಕಡಿಮೆ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ.

ಐರ್ಲೆಂಡ್ ಮಾಡಿದ ಇನ್ನೆರಡು ಕೆಲಸಗಳಿಂದ ನಾವು ಕಲಿಯಬಹುದು. 1999ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಸೇರಿ, ಗುಟ್ಟಾಗಿ ಹೂಳಲಾದವರ ಅವಶೇಷ ಹುಡುಕಲು ಒಂದು ಆಯೋಗ ಮಾಡಿದವು. ಅಲ್ಲಿಗೆ ಮಾಹಿತಿ ಕೊಟ್ಟರೆ ಅದನ್ನು ಕೊಟ್ಟವರ ವಿರುದ್ಧ ನ್ಯಾಯಾಲಯದಲ್ಲಿ ಬಳಸುವಂತಿಲ್ಲ. ಈ ರಕ್ಷಣೆ ಇದ್ದದ್ದರಿಂದ ಬಾಯಿಗಳು ತೆರೆದವು, ಹೆಚ್ಚಿನವರ ಅಸ್ಥಿಗಳು ಮನೆಯವರಿಗೆ ಸಿಕ್ಕವು. ಅದೇ ವರ್ಷ ಕೆಲವು ಪತ್ರಕರ್ತರು ಮತ್ತು ಬರಹಗಾರರು 'ಲಾಸ್ಟ್ ಲೈವ್ಸ್' ಎಂಬ ಬೃಹತ್ ಗ್ರಂಥ ತಂದರು. ಕೊಂದವರು ಯಾರೇ ಇರಲಿ, ಸತ್ತವರು ಯಾರೇ ಇರಲಿ, ಪ್ರತಿ ಸಾವಿಗೂ ಕಾಲಾನುಕ್ರಮದಲ್ಲಿ ಒಂದು ಸಂಖ್ಯೆ, ಒಂದು ಬರಹ. 3,600ಕ್ಕೂ ಹೆಚ್ಚು ಸಾವುಗಳು ಅದರಲ್ಲಿವೆ. ಪೊಲೀಸ್, ಸೈನಿಕ, ಬಾಂಬಿಟ್ಟವನು, ಬಾಂಬಿಗೆ ಬಲಿಯಾದ ಮಗು, ಎಲ್ಲರೂ ಒಂದೇ ಪುಸ್ತಕದಲ್ಲಿದ್ದಾರೆ.

6. ಈಗ ಮಾಡಬೇಕಾದ್ದು

ಇದನ್ನೆಲ್ಲ ಈಗಲೇ ಹೇಳುವುದಕ್ಕೆ ಕಾರಣವಿದೆ. 2014ರ ಡಿಸೆಂಬರ್‌ನಲ್ಲಿ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಮುಂತಾದವರ ಪ್ರಯತ್ನದಿಂದ ಭೂಗತರಾಗಿದ್ದ ನಕ್ಸಲ್ ನಾಯಕರಾದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದರು. 2024ರ ನವೆಂಬರ್‌ನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹೆಬ್ರಿಯ ಕಾಡಿನಂಚಿನಲ್ಲಿ ಪೊಲೀಸರ ಗುಂಡಿಗೆ ಸತ್ತರು. 2025ರ ಜನವರಿ 8ರಂದು ಆರು ಮಂದಿ ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ಉಳಿದವರು ಫೆಬ್ರವರಿಯಲ್ಲಿ ಬಂದರು. ಮಲೆನಾಡಿನಲ್ಲಿ ಬಂದೂಕಿನ ಸದ್ದು ನಿಂತಿದೆ. ಶಾಂತಿಗಾಗಿ ದುಡಿದ ನಾಗರಿಕರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ಶರಣಾಗತಿಯ ಮಾತುಕತೆಯಲ್ಲಿ ನಾವು ಹೆಚ್ಚಾಗಿ ಕೇಳಿದ್ದು ಮೊಕದ್ದಮೆ, ಜಾಮೀನು, ಪುನರ್ವಸತಿ ಹಣದ ಬಗ್ಗೆ. ಸತ್ತವರ ಮನೆಗಳ ಬಗ್ಗೆ ಕೇಳಿದ್ದು ಬಹಳ ಕಡಿಮೆ.

ಆದ್ದರಿಂದ ಮೂರು ವಿನಂತಿಗಳು. ಕಾಡಿನಿಂದ ಹೊರಬಂದ ಅಕ್ಕ ಅಣ್ಣಂದಿರಲ್ಲಿ ಮೊದಲನೆಯದು: ನಿಮ್ಮ ಸಂಘಟನೆ ಇನ್‌ಫಾರ್ಮರ್ ಎಂದು ಕೊಂದ ಪ್ರತಿಯೊಬ್ಬರ ಮನೆಗೂ ಒಂದು ಪತ್ರ ಬರೆಯಿರಿ. ಆದರೆ, ಆದರೂ ಎಂಬ ಮಾತುಗಳಿಲ್ಲದೆ, ಆ ಆರೋಪವನ್ನು ಹಿಂತೆಗೆದುಕೊಳ್ಳುತ್ತೇವೆ ಎಂದು ಬರೆಯಿರಿ. ನೀವು ಹೋರಾಡಿದ ಭೂಮಿ ಮತ್ತು ಕಾಡಿನ ಪ್ರಶ್ನೆಗಳು ನ್ಯಾಯವಾದವು. ಅವುಗಳ ನ್ಯಾಯ ಉಳಿಯಬೇಕಾದರೆ ಈ ಋಣ ತೀರಬೇಕು.

ಎರಡನೆಯದು ಸರ್ಕಾರಗಳಿಗೆ: ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳು ಎನ್‌ಕೌಂಟರ್ ಸಾವುಗಳ ವಿಚಾರಣಾ ವರದಿಗಳನ್ನು ಜನರ ಮುಂದಿಡಲಿ. ತಪ್ಪಾಗಿ ಸತ್ತವರ ಹೆಸರನ್ನು ಲಿಖಿತವಾಗಿ ಶುದ್ಧಮಾಡಲಿ. ಸತ್ಯ ಹೇಳಬಯಸುವವರು ಜೈಲಿನ ಭಯವಿಲ್ಲದೆ ಹೇಳಲು, ಐರ್ಲೆಂಡಿನ ಆಯೋಗದಂಥ ಒಂದು ಕಾನೂನಿನ ದಾರಿ ಮಾಡಲಿ.

ಮೂರನೆಯದು ನಮಗೆ, ಓದು ಬರಹ ಬಲ್ಲ ಗಡಿನಾಡಿನವರಿಗೆ. ಪಾವಗಡದಿಂದ ನಾರಾಯಣಪೇಟೆಯವರೆಗೆ, ಹೆಬ್ರಿಯಿಂದ ನಲ್ಲಮಲ ಕಾಡಿನವರೆಗೆ ಸತ್ತವರ ಪಟ್ಟಿಯನ್ನು, ಮನೆಯವರ ಒಪ್ಪಿಗೆಯೊಂದಿಗೆ, ಪಕ್ಷಭೇದವಿಲ್ಲದೆ, ಕನ್ನಡ ಮತ್ತು ತೆಲುಗು ಎರಡರಲ್ಲೂ ಸಿದ್ಧಪಡಿಸೋಣ. ಎರಡೂ ಭಾಷೆ ಬಲ್ಲ ನೀವಲ್ಲದೆ ಈ ಕೆಲಸಕ್ಕೆ ತಕ್ಕವರು ಬೇರೆ ಯಾರು? ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಮುಂದೆ ಬಂದರೂ ಸಾಕು, ಕೆಲಸ ಶುರುವಾಗುತ್ತದೆ. ದಯವಿಟ್ಟು ಮುಂದೆ ಬನ್ನಿ.